ಸುಡದೆ ಉಳಿದ ಕಲ್ಲಿದ್ದಲಿನ ಲೆಕ್ಕ: ಉಳಿತಾಯದ ಪಾಲಿನ ಕರಾರಿನ ಪೂರ್ವಚರಿತ್ರೆ

ದೊಡ್ಡ ಕಟ್ಟಡಗಳ ವಿದ್ಯುಚ್ಛಕ್ತಿಯ ವೆಚ್ಚವನ್ನು ಕಡಮೆ ಮಾಡುವುದಕ್ಕಾಗಿ ಈಚಿನ ನಾಲ್ಕೈದು ದಶಕಗಳಲ್ಲಿ ಒಂದು ವಿಶೇಷ ಬಗೆಯ ಕರಾರು ಬಳಕೆಗೆ ಬಂದಿದೆ. ಆಸ್ಪತ್ರೆ, ಕಚೇರಿ ಅಥವಾ ವಿದ್ಯಾಲಯಕ್ಕೆ ಹೊಸ ದೀಪಗಳನ್ನೂ ಪಂಪುಗಳನ್ನೂ ಹವಾನಿಯಂತ್ರಣದ ಯಂತ್ರಗಳನ್ನೂ ಒಂದು ಕಂಪನಿಯು ಹಾಕಿಕೊಡುತ್ತದೆ. ಕಟ್ಟಡದ ಒಡೆಯನು ಅದಕ್ಕೆ ಮುಂಗಡವಾಗಿ ಹಣ ಕೊಡಬೇಕಾದುದಿಲ್ಲ. ವಿದ್ಯುತ್ತಿನ ಬಿಲ್ಲಿನಲ್ಲಿ ವರ್ಷವರ್ಷವೂ ಉಂಟಾಗುವ ಉಳಿತಾಯದಿಂದ ಒಂದು ಪಾಲನ್ನು ಗೊತ್ತಾದ ಅವಧಿಯವರೆಗೆ ಕೊಡುತ್ತ ಹೋದರೆ ಸಾಕು. ಎಂಜಿನಿಯರುಗಳು ಇದನ್ನು ಎನರ್ಜಿ ಪರ್ಫಾರ್ಮೆನ್ಸ್ ಕಾಂಟ್ರಾಕ್ಟ್ ಎಂದು ಕರೆಯುತ್ತಾರೆ. ಪ್ರಸ್ತುತ ಲೇಖನದಲ್ಲಿ ‘ಉಳಿತಾಯದ ಪಾಲಿನ ಕರಾರು’ ಎಂಬ ಹೆಸರನ್ನು ಬಳಸಿದೆ.

1973ರ ತೈಲದ ಬಿಕ್ಕಟ್ಟಿನಿಂದ ಈ ಪದ್ಧತಿಯು ಹುಟ್ಟಿತೆಂಬುದು ಸಾಮಾನ್ಯವಾದ ಅಭಿಪ್ರಾಯ. ಆದರೆ ಇದರ ಮುಖ್ಯ ನಿಯಮಗಳೂ, ಅದಕ್ಕಿಂತ ಹೆಚ್ಚಾಗಿ ಇದರ ಮುಖ್ಯ ಜಗಳಗಳೂ, ಅದಕ್ಕೆ ಸುಮಾರು ಇನ್ನೂರು ವರ್ಷಗಳ ಹಿಂದೆ ಇಂಗ್ಲೆಂಡಿನ ನೈಋತ್ಯದ ತುದಿಯಲ್ಲಿರುವ ಕಾರ್ನ್‌ವಾಲಿನ ತಾಮ್ರದ ಗಣಿಗಳಲ್ಲಿ ಕಾಣಿಸಿಕೊಂಡಿದ್ದವು. ಆ ಜಗಳಗಳು ಯಾವ ಕಾರಣದಿಂದ ಹುಟ್ಟಿದುವು, ಅವುಗಳಲ್ಲಿ ಎಷ್ಟು ಭಾಗ ಇಂದಿಗೂ ತೀರದೆ ಉಳಿದಿದೆ ಎಂಬುದನ್ನು ಪರಿಶೀಲಿಸುವುದೇ ಇಲ್ಲಿನ ಉದ್ದೇಶ.

ಕಾರ್ನ್‌ವಾಲಿನಲ್ಲಿ ತಾಮ್ರವೂ ತವರವೂ ಹೇರಳವಾಗಿದ್ದುವು. ಕಲ್ಲಿದ್ದಲು ಮಾತ್ರ ಇರಲಿಲ್ಲ. ಗಣಿಗಳು ಆಳವಾದಂತೆಲ್ಲ ನೀರು ತುಂಬುತ್ತಿತ್ತು. ಅದನ್ನು ಎತ್ತಿಹಾಕಲು 1712ರಲ್ಲಿ ಬಳಕೆಗೆ ಬಂದ ನ್ಯೂಕಾಮೆನ್ನನ ಉಗಿಯಂತ್ರಗಳನ್ನು ಹೂಡಿದ್ದರು. ಆ ಯಂತ್ರದಲ್ಲಿ ಪ್ರತಿಯೊಂದು ಹೊಡೆತಕ್ಕೂ ಉರುಳೆಯೊಳಗೇ ತಣ್ಣೀರು ಚಿಮ್ಮಿಸಿ ಉಗಿಯನ್ನು ತಣಿಸುತ್ತಿದ್ದುದರಿಂದ ಕಾದ ಲೋಹವೂ ತಣ್ಣಗಾಗಿ, ಮತ್ತೆ ಅದನ್ನು ಕಾಯಿಸುವುದರಲ್ಲಿಯೇ ಇದ್ದಲಿನ ಬಹುಭಾಗ ವ್ಯರ್ಥವಾಗುತ್ತಿತ್ತು. ವೇಲ್ಸಿನಿಂದ ಹಡಗಿನಲ್ಲಿ ತರಿಸಿದ ಇದ್ದಲನ್ನು ಹೀಗೆ ಸುಡುವುದು ಗಣಿಯ ಪಾಲುದಾರರಿಗೆ ದುಸ್ಸಹವಾದ ವೆಚ್ಚವಾಗಿತ್ತು. ಈ ಪಾಲುದಾರರನ್ನು ಅಲ್ಲಿಯ ರೂಢಿಯಲ್ಲಿ ‘ಸಾಹಸಿಗಳು’ ಎಂದೇ ಕರೆಯುತ್ತಿದ್ದರು. ಅವರ ಲಾಭನಷ್ಟಗಳ ಏರಿಳಿತವನ್ನು ನೋಡಿದರೆ ಹೆಸರು ಅನ್ವರ್ಥವೆನ್ನಬೇಕು.

ಉಗಿಯನ್ನು ಉರುಳೆಯ ಹೊರಗೆ, ಪ್ರತ್ಯೇಕವಾದ ಪಾತ್ರೆಯಲ್ಲಿ ತಣಿಸುವ ಉಪಾಯಕ್ಕೆ ಜೇಮ್ಸ್ ವಾಟನು 1769ರಲ್ಲಿ ಏಕಸ್ವಾಮ್ಯದ ಸನ್ನದನ್ನು ಪಡೆದನು. 1775ರಲ್ಲಿ ಪಾರ್ಲಿಮೆಂಟು ಆ ಸನ್ನದನ್ನು 1800ರವರೆಗೆ ವಿಸ್ತರಿಸಿತು. ಅದೇ ವರ್ಷ ಅವನಿಗೂ ಬರ್ಮಿಂಗ್‌ಹ್ಯಾಮಿನ ಮ್ಯಾಥ್ಯೂ ಬೋಲ್ಟನನಿಗೂ ಪಾಲುಗಾರಿಕೆ ಏರ್ಪಟ್ಟಿತು. 1777ರಿಂದ ಮೊದಲ್ಗೊಂಡು ಕಾರ್ನ್‌ವಾಲಿನಲ್ಲಿ ಇವರ ಯಂತ್ರಗಳು ಏಳತೊಡಗಿದುವು.

ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಬೋಲ್ಟನ್ ಮತ್ತು ವಾಟರು ಆ ಕಾಲದಲ್ಲಿ ಯಂತ್ರವನ್ನು ಮಾರುತ್ತಿರಲಿಲ್ಲ. ಉರುಳೆ, ತೊಲೆ, ಕಟ್ಟಡ ಎಲ್ಲದರ ಖರ್ಚೂ ಗಣಿಯವರದು. ಇವರು ಒದಗಿಸುತ್ತಿದ್ದುದು ನಕ್ಷೆ, ಕೆಲವು ಸೂಕ್ಷ್ಮವಾದ ಭಾಗಗಳು ಮತ್ತು ಯಂತ್ರವನ್ನು ನಿಲ್ಲಿಸುವ ಮೇಲ್ವಿಚಾರಣೆ. ಇವುಗಳಿಗೆ ಪ್ರತಿಫಲವಾಗಿ ಇವರು ಕೇಳಿದುದು, ಅದೇ ಕೆಲಸವನ್ನು ಹಳೆಯ ಯಂತ್ರ ಮಾಡಿದ್ದರೆ ಸುಡುತ್ತಿದ್ದ ಇದ್ದಲಿಗೂ ಹೊಸ ಯಂತ್ರ ಸುಟ್ಟ ಇದ್ದಲಿಗೂ ಇರುವ ಅಂತರದ ಬೆಲೆಯಲ್ಲಿ ಮೂರನೆಯ ಒಂದು ಪಾಲು. ಸನ್ನದು ಮುಗಿಯುವವರೆಗೂ ಅದನ್ನು ಸಲ್ಲಿಸಬೇಕಾಗಿತ್ತು.

ಹಾಗಾದರೆ ಹಳೆಯ ಯಂತ್ರ ಎಷ್ಟು ಸುಡುತ್ತಿತ್ತು? ಈ ಪ್ರಶ್ನೆಗೆ ಒಂದು ಅಂಕಿಯನ್ನು ನಿಶ್ಚಯಿಸದೆ ಒಂದು ಪೆನ್ನಿಯನ್ನೂ ವಸೂಲು ಮಾಡುವಂತಿರಲಿಲ್ಲ. 1778ರಲ್ಲಿ ಪೋಲ್ಡೈಸ್ ಎಂಬ ಗಣಿಯ ಎರಡು ಹಳೆಯ ಯಂತ್ರಗಳನ್ನು ಪರೀಕ್ಷಿಸಿ, ಒಂದು ಬುಷೆಲ್ ಇದ್ದಲಿನಿಂದ ಅವು ಸುಮಾರು 70 ಲಕ್ಷ ಪೌಂಡು ನೀರನ್ನು ಒಂದು ಅಡಿ ಎತ್ತುತ್ತವೆಂದು ಗೊತ್ತುಮಾಡಿದರು. ಯಂತ್ರದ ಈ ಸಾಮರ್ಥ್ಯಕ್ಕೆ ಗಣಿಗಾರರ ಮಾತಿನಲ್ಲಿ ‘ಡ್ಯೂಟಿ’ ಎಂದು ಹೆಸರು. ವಾಟನ ಯಂತ್ರವೊಂದರ ಡ್ಯೂಟಿ 210 ಲಕ್ಷವೆಂದು ಇಟ್ಟುಕೊಳ್ಳೋಣ. ಆಗ ಅದು ಸುಡುವ ಒಂದು ಬುಷೆಲ್ ಹಳೆಯ ಮೂರು ಬುಷೆಲಿಗೆ ಸಮ, ಉಳಿದುದು ಎರಡು, ಆ ಎರಡರ ಮೂರನೆಯ ಒಂದು ಪಾಲಿನ ಬೆಲೆ ಬರ್ಮಿಂಗ್‌ಹ್ಯಾಮಿಗೆ, ಮಿಕ್ಕುದು ಗಣಿಯವರಿಗೆ. ಇಂದಿನ ಕರಾರುಗಳಲ್ಲಿ ಬೇಸ್‌ಲೈನ್ ಎಂದು ಕರೆಯುವುದು ಪೋಲ್ಡೈಸಿನ ಈ ಅಂಕಿಯಂಥದನ್ನೇ. ಅದನ್ನು ‘ಮೂಲಮಾನ’ ಎಂದು ಕರೆಯಬಹುದು.

ಯಂತ್ರ ಎಷ್ಟು ಕೆಲಸ ಮಾಡಿತೆಂಬುದನ್ನು ತಿಳಿಯುವುದಕ್ಕೂ ಏರ್ಪಾಡಿತ್ತು. ಯಂತ್ರದ ತೊಲೆಗೆ ಬೀಗಹಾಕಿದ ಪೆಟ್ಟಿಗೆಯೊಂದನ್ನು ಜೋಡಿಸಿ, ತೊಲೆ ಒಮ್ಮೆ ಬಾಗಿ ಎದ್ದರೆ ಪೆಟ್ಟಿಗೆಯೊಳಗಿನ ಚಕ್ರ ಒಂದು ಹಲ್ಲು ಮುಂದಕ್ಕೆ ಸರಿಯುವಂತೆ ಮಾಡಿದ್ದರು. ಗಣಿ ನಿಂತರೆ ಎಣಿಕೆಯೂ ನಿಲ್ಲುತ್ತಿತ್ತು. ನೀರು ಹೆಚ್ಚಿ ಯಂತ್ರ ವೇಗವಾಗಿ ನಡೆದರೆ ಪಾಲೂ ಹೆಚ್ಚುತ್ತಿತ್ತು. ಕಾಲೇಜಿಗೆ ಹೊಸ ಕೊಠಡಿಗಳು ಸೇರಿದಾಗ ಅಥವಾ ಬೇಸಗೆ ಎಂದಿಗಿಂತ ಕಡುವಾದಾಗ ಮೂಲಮಾನವನ್ನು ಸರಿಹೊಂದಿಸುವ ಈಗಿನ ಕ್ರಮಕ್ಕೆ ಇದಕ್ಕಿಂತ ಸರಳವಾದ ಪೂರ್ವರೂಪ ಸಿಗಲಾರದು.

ನಮ್ಮ ಸೀಮೆಯ ವ್ಯವಸಾಯದಲ್ಲಿ ಹಿಂದೆ ಬಳಕೆಯಲ್ಲಿದ್ದ ವಾರದ ಪದ್ಧತಿಯನ್ನು ಇಲ್ಲಿ ನೆನೆಯಬಹುದು. ವಾರಕ್ಕೆ ಮಾಡಿದ ಗದ್ದೆಯಲ್ಲಿ ಒಡೆಯನಿಗೂ ಒಕ್ಕಲಿಗೂ ಪಾಲಿನ ವಿಷಯದಲ್ಲಿ ಎಷ್ಟೇ ಮನಸ್ತಾಪವಿರಲಿ, ಕಣದಲ್ಲಿ ರಾಶಿಯಂತೂ ಇಬ್ಬರ ಕಣ್ಣಿಗೂ ಕಾಣುತ್ತದೆ. ಕೊಳಗದಿಂದ ಅಳೆದರೆ ತೀರಿತು. ಕಾರ್ನ್‌ವಾಲಿನ ಕರಾರಿನಲ್ಲಿ ಅಳೆಯಲು ರಾಶಿಯೇ ಇಲ್ಲ. ಹಂಚಿಕೊಳ್ಳಬೇಕಾದುದು ಸುಡದೆ ಉಳಿದ ಇದ್ದಲು, ಎಂದರೆ ಹಡಗಿನಿಂದ ಇಳಿಯದೆ ಇದ್ದ, ಯಾರೂ ಕಾಣದ ಇದ್ದಲು. ಅದರ ಇರವಿಗೆ ಪೋಲ್ಡೈಸಿನ ಅಂಕಿಯೊಂದೇ ಸಾಕ್ಷಿ.

ಮೊದಲ ವರ್ಷಗಳಲ್ಲಿ ಈ ಸಾಕ್ಷಿಯನ್ನು ಯಾರೂ ಅಲ್ಲಗಳೆಯಲಿಲ್ಲ. ಹಳೆಯ ಯಂತ್ರಗಳು ಪಕ್ಕದಲ್ಲಿಯೇ ಉಸಿರುಗರೆಯುತ್ತಿದ್ದುವು. ಕ್ರಮೇಣ ಅವು ಮೂಲೆಗುಂಪಾದುವು. ಹೊಸ ಪಾಲುದಾರರು ಬಂದರು. 1780ರ ದಶಕದಲ್ಲಿ ಆಂಗಲ್‌ಸೀ ದ್ವೀಪದಿಂದ ಅಗ್ಗದ ತಾಮ್ರ ಮಾರುಕಟ್ಟೆಗೆ ಬಂದು ಕಾರ್ನ್‌ವಾಲಿನ ಗಣಿಗಳು ಸಂಕಟಕ್ಕೆ ಸಿಕ್ಕಿದುವು. ಅನೇಕ ಗಣಿಗಳಲ್ಲಿ ಪಾಲಿನ ಲೆಕ್ಕದ ಬದಲು ವರ್ಷಕ್ಕಿಷ್ಟೆಂಬ ನಿಗದಿಯಾದ ಮೊತ್ತವನ್ನು ಒಪ್ಪಿಕೊಂಡರು. ವಾರದ ಗದ್ದೆ ಗುತ್ತಿಗೆಗೆ ತಿರುಗಿದಂತಾಯಿತು. ಗಣಿ ಮುಳುಗಿದರೆ ಪಾಲೂ ಮುಳುಗುವುದೆಂದು ಅರಿತು ಬೋಲ್ಟನನೂ ವಾಟನೂ ತಾವೇ ಕೆಲವು ಗಣಿಗಳಲ್ಲಿ ಪಾಲು ಕೊಂಡರು. ಈ ನಡುವೆ ಜೊನಾಥನ್ ಹಾರ್ನ್‌ಬ್ಲೋವರನು 1781ರಲ್ಲಿ ಬೇರೊಂದು ಬಗೆಯ ಯಂತ್ರಕ್ಕೆ ಸನ್ನದು ಪಡೆದನು. ಎಡ್ವರ್ಡ್ ಬುಲ್ಲನು ವಾಟನ ಉಪಾಯವನ್ನೇ ಬಳಸಿ ಯಂತ್ರಗಳನ್ನು ಕಟ್ಟತೊಡಗಿದನು. ಗಣಿಯವರು ಪಾಲನ್ನು ತಡೆಹಿಡಿದರು. 1793ರಿಂದ 1799ರವರೆಗೆ ವ್ಯಾಜ್ಯ ನಡೆದು ಕೊನೆಗೆ ತೀರ್ಪು ವಾಟನ ಕಡೆಗಾಯಿತು, ಬಾಕಿ ವಸೂಲಾಯಿತು. ಸನ್ನದಿಗೆ ಆಗ ಉಳಿದಿದ್ದುದು ಒಂದೇ ವರ್ಷ.

ಈ ಘಟನೆಗಳನ್ನು ಇತಿಹಾಸಕಾರರು ಎರಡು ರೀತಿಯಲ್ಲಿ ಬರೆದಿದ್ದಾರೆ. 1865ರಲ್ಲಿ ಬೋಲ್ಟನ್ ಮತ್ತು ವಾಟರ ಚರಿತ್ರೆಯನ್ನು ಪ್ರಕಟಿಸಿದ ಸ್ಯಾಮ್ಯುಯೆಲ್ ಸ್ಮೈಲ್ಸನ ಪರಂಪರೆಯವರಿಗೆ ಗಣಿಯವರು ಕೃತಘ್ನರು. ಈಚಿನ ಕೆಲವು ಅರ್ಥಶಾಸ್ತ್ರಜ್ಞರಿಗೆ ವಾಟನು ಸನ್ನದಿನ ಬಲದಿಂದ ಇತರರ ಪ್ರಯೋಗಗಳನ್ನು ಅಡಗಿಸಿದ ಏಕಸ್ವಾಮ್ಯದ ಒಡೆಯ. ಎರಡೂ ಪಕ್ಷಗಳಲ್ಲಿ ಸತ್ಯಾಂಶವುಂಟು. ಆದರೆ ಇವೆರಡೂ ಕರಾರಿನ ಒಳಗಿನ ದೋಷವನ್ನು ಸಾಕಷ್ಟು ಗಮನಿಸಿದಂತೆ ತೋರುವುದಿಲ್ಲ. 1778ರ ಮೂಲಮಾನ 1778ಕ್ಕೆ ಸತ್ಯವಾಗಿತ್ತು. 1795ರಲ್ಲಿ ಗಣಿಯ ಒಡೆಯನ ಮುಂದಿದ್ದ ಆಯ್ಕೆ ನ್ಯೂಕಾಮೆನ್ ಯಂತ್ರವಲ್ಲ. ಹಾರ್ನ್‌ಬ್ಲೋವರನದೋ ಬುಲ್ಲನದೋ ಯಂತ್ರ. ಇಲ್ಲದುದರ ಜೊತೆ ಹೋಲಿಸಿ ಉಳಿತಾಯವನ್ನು ಎಣಿಸುವುದು ಅವನಿಗೆ ಅನ್ಯಾಯವಾಗಿ ಕಂಡಿತು. ಸಹಿ ಹಾಕಿದ ಅಂಕಿಯನ್ನು ಬದಲಾಯಿಸುವುದು ವಾಟನಿಗೆ ಅನ್ಯಾಯವಾಗಿ ಕಂಡಿತು. ನ್ಯಾಯಾಲಯವು ಸನ್ನದಿನ ಸಿಂಧುತ್ವವನ್ನು ತೀರ್ಮಾನಿಸಿತೇ ಹೊರತು ಈ ಪ್ರಶ್ನೆಯನ್ನಲ್ಲ.

ಮುಂದಿನ ಹತ್ತು ವರ್ಷಗಳಲ್ಲಿ ಒಂದು ವಿಚಿತ್ರ ನಡೆಯಿತು. ಸನ್ನದು ಮುಗಿದು ಬರ್ಮಿಂಗ್‌ಹ್ಯಾಮಿನವರು ಹಿಂದಿರುಗಿದ ಮೇಲೆ ಕಾರ್ನ್‌ವಾಲಿನ ಯಂತ್ರಗಳ ಡ್ಯೂಟಿ ಏರಲಿಲ್ಲ, ಇಳಿಯಿತು. ಪಾಲಿನ ಆಸೆಯಿಂದ ಯಂತ್ರಗಳನ್ನು ಸುಸ್ಥಿತಿಯಲ್ಲಿಡುತ್ತಿದ್ದವರು ಈಗ ಇರಲಿಲ್ಲವಷ್ಟೆ! 1811ರಲ್ಲಿ ಗಣಿಯವರು ಒಂದು ಹೊಸ ಉಪಾಯ ಹೂಡಿದರು. ಜೋಯೆಲ್ ಲೀನ್ ಎಂಬ ಅನುಭವಿಯಾದ ಗಣಿಯ ಮೇಲ್ವಿಚಾರಕನನ್ನು ನೇಮಿಸಿ, ಪ್ರತಿ ತಿಂಗಳೂ ಯಂತ್ರಗಳ ಡ್ಯೂಟಿಯನ್ನು ಅಳೆದು, ಗಣಿಯ ಹೆಸರು, ಎಂಜಿನಿಯರನ ಹೆಸರು ಸಹಿತ ಅಚ್ಚುಹಾಕಿಸಿ ಎಲ್ಲರಿಗೂ ತಿಳಿಯುವಂತೆ ಮಾಡಿದರು. ಲೀನನ ಈ ಮಾಸಪತ್ರಿಕೆ 1904ರವರೆಗೆ ನಡೆಯಿತು. ಬೀಗದ ಪೆಟ್ಟಿಗೆಯ ಎಣಿಕೆಯಿಂದ ಲಾಭ ಪಡೆಯುವವನೇ ಎಣಿಸುವವನೂ ಆಗಿದ್ದ ಸ್ಥಿತಿ ಹೋಗಿ, ಮೂರನೆಯವನೊಬ್ಬ ಎಣಿಸಿ ಬಹಿರಂಗಪಡಿಸುವ ಸ್ಥಿತಿ ಬಂದುದು ಇಲ್ಲಿಯೇ. ಎಂಜಿನಿಯರುಗಳು ಹೆಸರಿಗಾಗಿ ಪೈಪೋಟಿ ನಡೆಸಿದರು. 1835ರಲ್ಲಿ ಫೋಯ್ ಕನ್ಸಾಲ್ಸ್ ಗಣಿಯ ಯಂತ್ರವೊಂದು ವಿಶೇಷ ಪರೀಕ್ಷೆಯಲ್ಲಿ 1,250 ಲಕ್ಷ ಡ್ಯೂಟಿಯನ್ನು ಮುಟ್ಟಿತು. ಪರೀಕ್ಷೆಯ ದಿನ ಯಂತ್ರವನ್ನು ಮದುವಣಿಗನಂತೆ ಸಿಂಗರಿಸುತ್ತಾರೆಂಬ ಆಕ್ಷೇಪಣೆ ಆಗಲೂ ಇತ್ತು, ಅದು ನಿರಾಧಾರವೂ ಅಲ್ಲ. ಆದರೂ ತಿಂಗಳು ತಿಂಗಳ ಸರಾಸರಿಯೂ ಮೇಲೇರಿದುದು ನಿರ್ವಿವಾದ.

ಇಷ್ಟು ಫಲಕಾರಿಯಾದ ಪದ್ಧತಿ ಮುಂದೆ ನೂರೈವತ್ತು ವರ್ಷ ಏಕೆ ಮರೆಯಾಯಿತು? ಉತ್ತರವು ಬೋಲ್ಟನ್ ಮತ್ತು ವಾಟರ ಲೆಕ್ಕದಲ್ಲಿಯೇ ಇದೆ. ಲಂಡನ್ನಿನ ಮದ್ಯದ ಕಾರ್ಖಾನೆಗಳೂ ಹಿಟ್ಟಿನ ಗಿರಣಿಗಳೂ ಚಕ್ರ ತಿರುಗಿಸುವ ಯಂತ್ರ ಬೇಕೆಂದಾಗ, ಅಲ್ಲಿ ಹೋಲಿಸಲು ಹಳೆಯ ಉಗಿಯಂತ್ರವಿರಲಿಲ್ಲ; ಕುದುರೆಗಳಿದ್ದುವು. ಆದಕಾರಣ ಉಳಿತಾಯದ ಲೆಕ್ಕವನ್ನು ಬಿಟ್ಟು, ಒಂದು ಕುದುರೆಯ ಶಕ್ತಿಗೆ ವರ್ಷಕ್ಕೆ ಇಂತಿಷ್ಟೆಂದು, ಲಂಡನ್ನಿನಲ್ಲಿ 6 ಪೌಂಡು, ಇತರೆಡೆ 5 ಪೌಂಡು, ಗೊತ್ತುಮಾಡಿದರು. ಅಶ್ವಶಕ್ತಿಯೆಂಬ ಮಾನ ರೂಢಿಗೆ ಬಂದುದು ಹೀಗೆ. ಇದರಲ್ಲಿ ತಕರಾರು ಕಡಮೆ. ಆದರೆ ಹೆಚ್ಚು ಶಕ್ತಿ ಬಳಕೆಯಾದಷ್ಟೂ ಮಾರುವವನಿಗೆ ಲಾಭವೆಂಬ ಹೊಸ ಸಂಬಂಧ ಇದರಿಂದ ಬೇರೂರಿತು.

ಈ ಅಶ್ವಶಕ್ತಿಯ ಲೆಕ್ಕ ನಮ್ಮ ನಾಡಿಗೂ ಬಂದಿದೆ. 1902ರಲ್ಲಿ ಮೈಸೂರು ಸರ್ಕಾರವು ಶಿವನಸಮುದ್ರದಿಂದ 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಸಾಗಿಸಿದಾಗ ಗಣಿ ಕಂಪನಿಗಳ ಜೊತೆ ಮಾಡಿಕೊಂಡ ಕರಾರಿನ ದರ ಒಂದು ಅಶ್ವಶಕ್ತಿಗೆ ವರ್ಷಕ್ಕೆ ಇಷ್ಟು ಪೌಂಡು ಎಂದೇ ಇತ್ತು. ಗಣಿಗಳ ಆಡಳಿತ ನಡೆಸುತ್ತಿದ್ದ ಜಾನ್ ಟೇಲರ್ ಮತ್ತು ಸನ್ಸ್ ಸಂಸ್ಥೆಯ ಮೂಲಪುರುಷನು ಕಾರ್ನ್‌ವಾಲಿನ ಗಣಿಗಳಲ್ಲಿಯೇ ಹೆಸರು ಮಾಡಿದವನು. ಕೋಲಾರದಲ್ಲಿ ಕಾರ್ನ್‌ವಾಲಿನ ಮೇಲ್ವಿಚಾರಕರೂ ಅನೇಕರಿದ್ದರು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ದೀಪ ಬಂದ ಮೇಲೆ ಕಚೇರಿಗಳಿಗೂ ಮನೆಗಳಿಗೂ ವಿದ್ಯುತ್ತು ಮಾರುವ ವಸ್ತುವಾಗಿಯೇ ಹಬ್ಬಿತು. ಕಡಮೆ ಬಳಸುವಂತೆ ಮಾಡಿ ಅದರಿಂದ ಜೀವನ ನಡೆಸುವ ಕಸುಬುದಾರನಿಗೆ ಈ ವ್ಯವಸ್ಥೆಯಲ್ಲಿ ಸ್ಥಳವಿರಲಿಲ್ಲ. ಜಗತ್ತಿನ ಬೇರೆಡೆಗಳಲ್ಲಿಯೂ ಸ್ಥಿತಿ ಸಾಮಾನ್ಯವಾಗಿ ಹೀಗೆಯೇ ಇತ್ತು. ಫ್ರಾನ್ಸಿನಲ್ಲಿ ಮಾತ್ರ ಕಟ್ಟಡಗಳ ಚಳಿ ಕಾಯಿಸುವ ಕೆಲಸವನ್ನು ವಹಿಸಿಕೊಂಡು, ಇಂಧನ ಉಳಿಸಿದರೆ ಅದರಲ್ಲಿ ಪಾಲು ಪಡೆಯುವ ಕಂಪನಿಗಳು ಬೆಳೆದುವು.

1973ರಲ್ಲಿ ತೈಲದ ಬೆಲೆ ಹಾರಿದಾಗ ಹಳೆಯ ಉಪಾಯಕ್ಕೆ ಮತ್ತೆ ಜೀವ ಬಂದಿತು. ಶೆಲ್ ತೈಲ ಸಂಸ್ಥೆಗೆ ಸೇರಿದ ಸ್ಕ್ಯಾಲಪ್ ಥರ್ಮಲ್ ಎಂಬ ಕಂಪನಿಯು 1970ರ ದಶಕದ ಕೊನೆಯಲ್ಲಿ ಅಮೆರಿಕದ ಕಟ್ಟಡಗಳಿಗೆ ಹೋಗಿ, ಶಕ್ತಿಗಾಗಿ ನೀವು ಈಗ ಕೊಡುತ್ತಿರುವುದಕ್ಕಿಂತ ನೂರಕ್ಕೆ 10ರಷ್ಟು ಕಡಮೆಗೆ ಎಲ್ಲವನ್ನೂ ನಾವೇ ನಡೆಸಿಕೊಡುತ್ತೇವೆಂದು ಹೇಳಿತು. ಅನೇಕ ಕಂಪನಿಗಳು ಉಳಿತಾಯದ ಹಣದಲ್ಲಿ ಪಾಲು ಪಡೆಯುವ ಕರಾರುಗಳನ್ನು ಮಾಡಿಕೊಂಡುವು. 1986ರಲ್ಲಿ ತೈಲದ ಬೆಲೆ ಅರ್ಧಕ್ಕಿಂತಲೂ ಕೆಳಗಿಳಿಯಿತು. ಯಂತ್ರಗಳು ಹೇಳಿದಷ್ಟನ್ನೇ ಉಳಿಸುತ್ತಿದ್ದರೂ ಆ ಉಳಿತಾಯದ ಬೆಲೆ ಕರಗಿಹೋಗಿ, ಸಾಲ ಮಾಡಿ ಯಂತ್ರ ಹಾಕಿದ್ದ ಕಂಪನಿಗಳಲ್ಲಿ ಹಲವು ಕುಸಿದುವು. ಆ ಬಳಿಕ ಅಮೆರಿಕದಲ್ಲಿ ಪಾಲಿನ ಕರಾರು ಹಿಂದೆ ಸರಿದು ಖಾತರಿಯ ಕರಾರು ಮುಂದೆ ಬಂದಿತು: ಒಡೆಯನು ಬ್ಯಾಂಕಿನಿಂದ ಸಾಲ ಪಡೆಯುವನು, ಇಷ್ಟು ಯೂನಿಟ್ ಉಳಿಯದಿದ್ದರೆ ಕೊರತೆಯನ್ನು ಕಂಪನಿ ತುಂಬಿಕೊಡುವುದು. 1992ರ ಕಾನೂನು ಅಲ್ಲಿಯ ಕೇಂದ್ರ ಸರ್ಕಾರದ ಕಟ್ಟಡಗಳಿಗೆ 25 ವರ್ಷಗಳವರೆಗಿನ ಕರಾರುಗಳಿಗೆ ದೃಢವಾದ ತಳಹದಿ ಹಾಕಿತು. ಅಳೆಯುವ ಕ್ರಮಕ್ಕೆ 1996ರಲ್ಲಿ ಒಂದು ರಾಷ್ಟ್ರೀಯ ನಿಯಮಾವಳಿಯೂ ಮರುವರ್ಷ ಅಂತರರಾಷ್ಟ್ರೀಯ ನಿಯಮಾವಳಿಯೂ ಹೊರಬಂದುವು. ಲೀನನ ಕೆಲಸ ಮತ್ತೆ ಆರಂಭವಾಯಿತೆನ್ನಬಹುದು. ಆದರೆ ಲೀನನಂತೆ ಫಲಿತಾಂಶವನ್ನು ಊರಿಗೆಲ್ಲ ಅಚ್ಚುಹಾಕಿ ಹಂಚುವ ಪದ್ಧತಿ ಬರಲಿಲ್ಲ.

ಈ ಕಾಲದ ಪ್ರಸಿದ್ಧವಾದ ನಿದರ್ಶನ ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡ. 1931ರಲ್ಲಿ ಮುಗಿದ ಈ ಕಟ್ಟಡದ ದುರಸ್ತಿಯನ್ನು 2009ರಲ್ಲಿ ಕೈಗೊಂಡಾಗ 6,514 ಕಿಟಕಿಗಳ ಗಾಜುಗಳನ್ನು ಎಸೆಯದೆ, ಕಟ್ಟಡದಲ್ಲಿಯೇ ಒಂದು ಕಾರ್ಯಾಗಾರ ಹೂಡಿ, ಎರಡು ಗಾಜುಗಳ ನಡುವೆ ತೆಳುವಾದ ಪೊರೆಯನ್ನು ಸೇರಿಸಿ ಮತ್ತೆ ಕೂರಿಸಿದರು. ಶಕ್ತಿಯ ಬಳಕೆ ಒಟ್ಟಿನಲ್ಲಿ ನೂರಕ್ಕೆ 38ರಷ್ಟು ಇಳಿಯುವುದೆಂದು ಅಂದಾಜಿತ್ತು. ತನ್ನ ಭಾಗದ ಕೆಲಸದ ಉಳಿತಾಯಕ್ಕೆ ಕಂಪನಿಯು ಖಾತರಿ ಕೊಟ್ಟಿತು. ಬಾಡಿಗೆದಾರರು ಬದಲಾಗುತ್ತಲೇ ಇರುವ ಈ ಕಟ್ಟಡದಲ್ಲಿ ಮೂಲಮಾನಕ್ಕೆ ಆಧಾರವಾದುದು ಕಂಪ್ಯೂಟರಿನಲ್ಲಿ ರಚಿಸಿದ ಅದರ ಪ್ರತಿರೂಪ. ಹವೆ ಬದಲಾದರೆ, ಬಾಡಿಗೆದಾರರು ಹೆಚ್ಚಿದರೆ, ಆ ಪ್ರತಿರೂಪವನ್ನು ತಿದ್ದಿ ಹೋಲಿಸಬೇಕು. ಪೋಲ್ಡೈಸಿನ ಹಳೆಯ ಯಂತ್ರವನ್ನು ಕಣ್ಣಾರೆ ಕಂಡವರಾದರೂ ಇದ್ದರು. ದುರಸ್ತಿಯಾಗದೆ ಉಳಿದ ಎಂಪೈರ್ ಸ್ಟೇಟ್ ಕಟ್ಟಡವನ್ನು ಯಾರೂ ಕಂಡಿಲ್ಲ. ಇದರಿಂದ ಲೆಕ್ಕ ಸುಳ್ಳೆಂದು ಅರ್ಥವಲ್ಲ. ಆದರೆ ಅದನ್ನು ಪರಿಶೀಲಿಸಬಲ್ಲವರ ಸಂಖ್ಯೆ ಬಹಳ ಕಡಮೆಯಾಯಿತು. ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನೆಯ ಸಂಸ್ಥೆಯು 2015ರ ವರದಿಯಲ್ಲಿ ಕೇಂದ್ರ ಸರ್ಕಾರದ ಕೆಲವು ಕರಾರುಗಳನ್ನು ಪರಿಶೀಲಿಸಿ, ಯಂತ್ರಗಳನ್ನು ತೆಗೆದುಹಾಕಿದ ಮೇಲೂ ಅವುಗಳ ಉಳಿತಾಯವನ್ನು ಲೆಕ್ಕದಲ್ಲಿ ತೋರಿಸುತ್ತಿದ್ದಂಥ ಸಂದರ್ಭಗಳನ್ನು ಎತ್ತಿತೋರಿಸಿತು.

ಭಾರತದಲ್ಲಿ 2001ರ ಶಕ್ತಿ ಸಂರಕ್ಷಣೆಯ ಕಾನೂನು ಈ ವಿಷಯಕ್ಕೆ ಅಡಿಪಾಯ. ಅದರಂತೆ 2002ರಲ್ಲಿ ಸ್ಥಾಪಿತವಾದ ಬ್ಯೂರೋ ಆಫ್ ಎನರ್ಜಿ ಎಫಿಶಿಯೆನ್ಸಿಯು ರಾಷ್ಟ್ರಪತಿ ಭವನ ಮೊದಲಾದ ದೆಹಲಿಯ ಸರ್ಕಾರಿ ಕಟ್ಟಡಗಳ ಶಕ್ತಿಯ ಬಳಕೆಯನ್ನು ತಪಾಸಣೆ ಮಾಡಿಸಿ, ಸುಧಾರಣೆಯ ಕೆಲಸವನ್ನು ಈ ಬಗೆಯ ಕರಾರಿನ ಮೂಲಕ ನಡೆಸುವ ದಾರಿ ತೆರೆಯಿತು. 2009ರಲ್ಲಿ ನಾಲ್ಕು ಸರ್ಕಾರಿ ವಿದ್ಯುತ್ ಸಂಸ್ಥೆಗಳು ಕೂಡಿ ಎನರ್ಜಿ ಎಫಿಶಿಯೆನ್ಸಿ ಸರ್ವೀಸಸ್ ಎಂಬ ಕಂಪನಿಯನ್ನು ಹುಟ್ಟುಹಾಕಿದುವು. 2015ರಿಂದ ಇದು ನಗರಸಭೆಗಳ ಬೀದಿದೀಪಗಳನ್ನು ಎಲ್‌ಇಡಿಗೆ ಬದಲಾಯಿಸಿ, ಸಾಮಾನ್ಯವಾಗಿ 7 ವರ್ಷಗಳ ಕಂತುಗಳಲ್ಲಿ ಹಣ ಪಡೆಯುವ ಕರಾರುಗಳನ್ನು ದೇಶದಾದ್ಯಂತ ಮಾಡಿಕೊಂಡಿತು. ಇಲ್ಲಿ ಉಳಿತಾಯವನ್ನು ವರ್ಷವರ್ಷವೂ ಅಳೆಯುವುದಕ್ಕಿಂತ ದೀಪದ ವ್ಯಾಟು ಮತ್ತು ಉರಿಯುವ ಗಂಟೆಗಳಿಂದ ಮುಂಚೆಯೇ ಎಣಿಸಿಬಿಡುವುದೇ ಹೆಚ್ಚು; ವಾರವು ಇಲ್ಲಿಯೂ ಗುತ್ತಿಗೆಯಾಗಿದೆ. ನಗರಸಭೆಗಳ ಬಾಕಿಯು ಕಂಪನಿಗೆ ದೊಡ್ಡ ಹೊರೆಯಾಯಿತೆಂಬುದನ್ನು ನೋಡಿದಾಗ ಪಾಲನ್ನು ತಡೆಹಿಡಿದ ಕಾರ್ನ್‌ವಾಲಿನ ‘ಸಾಹಸಿಗಳು’ ನೆನಪಿಗೆ ಬರುತ್ತಾರೆ. ಬೆಂಗಳೂರಿನ ಮಹಾನಗರ ಪಾಲಿಕೆಯೂ ಲಕ್ಷಾಂತರ ಬೀದಿದೀಪಗಳಿಗೆ ಖಾಸಗಿ ಕಂಪನಿಗಳ ಕೂಟದೊಡನೆ ಇಂಥ ಕರಾರನ್ನು ಮಾಡಿಕೊಂಡು, ಕೆಲಸ ಸಾಗದೆ ಅದನ್ನು ರದ್ದುಮಾಡಬೇಕಾಯಿತು.

ಮೂಲಮಾನ ಹಳತಾಗುವ ತೊಡಕು ಇಲ್ಲಿ ಇನ್ನೂ ಬೇಗ ಕಾಣಿಸಿಕೊಳ್ಳುತ್ತದೆ. ಸರ್ಕಾರಿ ಕಂಪನಿಯು ಸಗಟಾಗಿ ಕೊಳ್ಳುತ್ತಿದ್ದ ಎಲ್‌ಇಡಿ ಬಲ್ಬಿನ ಬೆಲೆ 2014ರ ಆರಂಭದಲ್ಲಿ 310 ರೂಪಾಯಿ. 2016ರಲ್ಲಿ 38 ರೂಪಾಯಿ. ಕಾರ್ನ್‌ವಾಲಿನಲ್ಲಿ ಹದಿನೈದು ವರ್ಷಗಳಲ್ಲಿ ಆದ ಬದಲಾವಣೆ ಎರಡೇ ವರ್ಷಗಳಲ್ಲಿ ಆಗಿಹೋಯಿತು. 2014ರಲ್ಲಿ ಹಳೆಯ ಟ್ಯೂಬ್‌ಲೈಟನ್ನು ಮೂಲಮಾನವಾಗಿ ಹಿಡಿದು ಹತ್ತು ವರ್ಷದ ಕರಾರಿಗೆ ಸಹಿ ಹಾಕಿದ ಸಂಸ್ಥೆಯೊಂದನ್ನು ಊಹಿಸಿಕೊಳ್ಳೋಣ. ಕರಾರಿಲ್ಲದಿದ್ದರೂ ಅದು ಐದಾರು ವರ್ಷಗಳಲ್ಲಿ ಅಂಗಡಿಯಿಂದ ಅಗ್ಗದ ಹೊಸ ದೀಪಗಳನ್ನು ತಂದೇ ತರುತ್ತಿತ್ತು. ಉಳಿದ ವರ್ಷಗಳ ಕಂತು ಯಾವ ಉಳಿತಾಯದ ಪಾಲು? ಕಂಪನಿಯ ಪರವಾಗಿಯೂ ಹೇಳಬೇಕಾದುದುಂಟು: ಬೆಲೆ ಇಳಿಯುವುದೆಂದು ಕಾದು ಕುಳಿತಿದ್ದರೆ ಮೊದಲ ಐದು ವರ್ಷಗಳ ಉಳಿತಾಯವೇ ಇರುತ್ತಿರಲಿಲ್ಲ. ಕರಾರಿನ ನಡುವೆ ಒಂದೆರಡು ಬಾರಿ ಮೂಲಮಾನವನ್ನು ಹೊಸದಾಗಿ ಗೊತ್ತುಮಾಡುವ ನಿಬಂಧನೆಯೂ, ಅಂಕಿಗಳನ್ನು ಲೀನನಂತೆ ಪ್ರಕಟಿಸುವ ನಿಬಂಧನೆಯೂ ಇದ್ದರೆ ಇಬ್ಬರಿಗೂ ನ್ಯಾಯ ಹೆಚ್ಚು ಸಿಗುವುದೆಂದು ತೋರುತ್ತದೆ. ಸಾರ್ವಜನಿಕ ಹಣದಿಂದ ನಡೆಯುವ ಕಟ್ಟಡಗಳ ವಿಷಯದಲ್ಲಂತೂ ಎರಡನೆಯ ನಿಬಂಧನೆಯನ್ನು ಬಿಡಲು ಕಾರಣ ಕಾಣುವುದಿಲ್ಲ.

ಬೋಲ್ಟನ್ ಮತ್ತು ವಾಟರ ಕಾಗದಪತ್ರಗಳು ಬರ್ಮಿಂಗ್‌ಹ್ಯಾಮಿನಲ್ಲಿಯೂ, ಅವರ ಪ್ರತಿನಿಧಿಯಾಗಿದ್ದ ಥಾಮಸ್ ವಿಲ್ಸನನ ಪತ್ರಗಳು ಕಾರ್ನ್‌ವಾಲಿನಲ್ಲಿಯೂ ಉಳಿದುಬಂದಿರುವುದರಿಂದ ಆ ವ್ಯಾಜ್ಯದ ಎರಡು ಪಕ್ಷಗಳನ್ನೂ ನಾವಿಂದು ತೂಗಿನೋಡಬಹುದಾಗಿದೆ. ನಮ್ಮ ವಿದ್ಯಾಲಯಗಳು ಇಂಥ ಕರಾರಿಗೆ ಮುಂದಾಗುವ ಮೊದಲು ತಮ್ಮ ಕಡತಗಳಲ್ಲಿ ಕನಿಷ್ಠ ಮೂರು ವರ್ಷಗಳ ತಿಂಗಳವಾರು ವಿದ್ಯುತ್ತಿನ ಬಿಲ್ಲುಗಳನ್ನೂ, ಪ್ರತಿ ಕೊಠಡಿಯ ದೀಪ ಮತ್ತು ಫ್ಯಾನುಗಳ ಪಟ್ಟಿಯನ್ನೂ, ಪರೀಕ್ಷೆ ಹಾಗೂ ರಜೆಗಳ ದಿನಚರಿಯನ್ನೂ, ವಿದ್ಯಾರ್ಥಿನಿಲಯದಲ್ಲಿ ಆಯಾ ವರ್ಷ ಇದ್ದವರ ಸಂಖ್ಯೆಯನ್ನೂ ಒಟ್ಟುಗೂಡಿಸಿ ಒಂದು ಪ್ರತಿಯನ್ನು ಗ್ರಂಥಾಲಯದಲ್ಲಿ ಇಡುವುದು ಅಗತ್ಯ. ಹಳೆಯ ಟ್ಯೂಬ್‌ಲೈಟುಗಳು ಗುಜರಿಗೆ ಹೋದ ಮೇಲೆ ಈ ಪಟ್ಟಿಯನ್ನು ಯಾರೂ ಮತ್ತೆ ತಯಾರಿಸಲಾರರು. ಇತಿಹಾಸ ವಿಭಾಗದ ವಿದ್ಯಾರ್ಥಿಗಳಿಗೆ ಇದು ಒಂದು ವರ್ಷದ ಅಭ್ಯಾಸಕ್ಕೆ ತಕ್ಕ ಕೆಲಸ.